ಎಡಗಾಲಿನ ಹವಾಯಿ ಚಪ್ಪಲಿ

ಕೆಳಮನೆಯ ಪದ್ಮರಾಜಯ್ಯ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು:
"ಏನಮ್ಮಾ, ಸರಿರಾತ್ರೀಲಿ ಹಿಟ್ಟಿನ ಮಿಲ್ಲು ಹಾಕ್ಕಂಡಿದ್ದೀರಾ?"
ಮಿಲ್ಲಲ್ಲ, ಕಂಪ್ಯೂಟರು.
ಸೆಕೆಂಡ್‌ಹ್ಯಾಂಡು, ಕೊಟ್ಟದ್ದು ಆರೂವರೆ ಸಾವಿರ,
ಜೊತೆಗೆ ಪುಕ್ಕಟೆ ಬಂದದ್ದು ಈ ಗುರ್ರು.

ಹಗಲೆಲ್ಲ ಪೆನ್ಷನ್ ಮೊಹಲ್ಲಾದ ಗದ್ದಲದೊಳಗೆ ಅದು ಸಾಧು.
ಹತ್ತಾದ ಮೇಲೆ ಶುರು.
ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ,
ಆಮೇಲೆ ಮೇಜು ಹಿಡಿದು ನಡುಗುತ್ತದೆ,
ಮೇಜಿನಿಂದ ನೆಲಕ್ಕೆ, ನೆಲದಡಿಯ ತಾರಸಿಗೆ,
ತಾರಸಿಯಿಂದ ಪದ್ಮರಾಜಯ್ಯನವರ ದಿಂಬಿಗೆ.
ನಾನು ಟೈಪು ಮಾಡುತ್ತಿರುತ್ತೇನೆ
ಯಾರದೋ ಅಣ್ಣತಮ್ಮಂದಿರ ವಿಭಾಗಪತ್ರ:
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಸದರಿಯವರ ಹಿತ್ತಿಲು,
ನಡುವೆ ಗುರ್ರು.

ಹೊಸ ಫ್ಯಾನು ಎಂಟುನೂರು ಅಂದರು ಸಾಲಗಾಮೆ ರಸ್ತೆಯ ಅಂಗಡಿಯಲ್ಲಿ.
ಸದ್ದೇ ಇಲ್ಲದ ಡಿಸ್ಕೂ ಇದೆಯಂತೆ,
ಅದರ ಬೆಲೆ ನಾನು ಕೇಳಲಿಲ್ಲ.

ಮೊದಲ ಉಪಾಯ ನನ್ನದೇ. ಹಳೇ ರಗ್ಗು ಹೊದಿಸಿದೆ.
ಸದ್ದು ಇಳಿಯಿತು, ಜ್ವರ ಏರಿತು.
ಹದಿನೆಂಟನೇ ಪುಟದಲ್ಲಿ,
ಬಾವಿಯಲ್ಲಿ ಮೂರನೇ ಒಂದು ಹಕ್ಕು ಬರೆಯುತ್ತಿರುವಾಗ
ತಾನಾಗಿ ಆರಿಹೋಯಿತು.
ಸೇವ್ ಮಾಡಿದ್ದು ಹನ್ನೊಂದರವರೆಗೆ.

ಆಗ ಎದ್ದು ಬಂದವಳು ನಾದಿನಿ ಇಂಚರ.
ಹೆಸರಿಟ್ಟಾಗ ಅವಳಿಗೆ ಕಿವಿ ಕೇಳದೆಂದು ಯಾರಿಗೂ ಗೊತ್ತಿರಲಿಲ್ಲ;
ಗೊತ್ತಾದ ಮೇಲೆ ಬದಲಿಸಿ ಎಂದವರಿಗೆ ನಮ್ಮತ್ತೆ
"ಇಟ್ಟಾಗಿದೆ, ಇರ್ಲಿ ಬಿಡಿ" ಅಂದರಂತೆ.
ರವಿಕೆ ಹೊಲಿಯುವವಳು,
ಮಿಷನ್ನಿನ ಕಾಯಿಲೆಯನ್ನು ಪಾದದಲ್ಲಿ ಓದುವವಳು.
ಕ್ಯಾಬಿನೆಟ್ಟಿನ ಬೆನ್ನಿಗೆ ಅಂಗೈ ಇಟ್ಟಳು, ಪಕ್ಕೆಗೆ ಇಟ್ಟಳು,
ಒಂದು ಬೆರಳು ಒತ್ತಿ ಹಿಡಿದಳು.
ಗುರ್ರು ನಿಂತಿತು.
ಬಿಟ್ಟಳು, ಬಂತು.
ಇಲ್ಲಿ, ಅಂದಿತು ಬೆರಳು. ಇಲ್ಲೊಂದು. ಒಳಗೆ ಇನ್ನೊಂದು.
ಆರು ತಿಂಗಳಿಂದ ಎರಡು ಕಿವಿ ಇಟ್ಟುಕೊಂಡು ನಾನು ಏನು ಕೇಳುತ್ತಿದ್ದೆನೋ.

ಪ್ಲಗ್ಗು ಕಿತ್ತು ಬಿಚ್ಚಿದರೆ ಬೂದಿಯಂಥ ಧೂಳು, ಸತ್ತ ಜಿರಲೆ,
ಸಡಿಲ ಸ್ಕ್ರೂ ಮೂರು, ಇಲ್ಲದ ಸ್ಕ್ರೂ ಒಂದು.
ಹಳೇ ಹಲ್ಲಿನ ಬ್ರಷ್ಷಿನಿಂದ ಫ್ಯಾನಿನ ಒಂದೊಂದೇ ರೆಕ್ಕೆ ಉಜ್ಜಿದೆ.
ನಡುವಿನ ಸ್ಟಿಕ್ಕರು ಎತ್ತಿ ಅವಳು ಮಿಷನ್ ಎಣ್ಣೆ ಬಿಟ್ಟಳು,
ಒಂದೇ ತೊಟ್ಟು.
ಎರಡನೆಯದಕ್ಕೆ ಕೈ ಚಾಚಿದರೆ ಹುಬ್ಬಿನಲ್ಲೇ ಗದರಿದಳು.
ಡಿಸ್ಕಿಗೆ ಲಂಗದ ಇಲಾಸ್ಟಿಕ್ಕಿನ ತೊಟ್ಟಿಲು, ಎಲ್ಲೂ ತಗಡು ತಾಗದ ಹಾಗೆ.
ಪಂಕ್ಚರ್ ಅಂಗಡಿಯ ಇಲ್ಯಾಸ್ ಕೊಟ್ಟ ಟ್ಯೂಬಿನ ಚೂರು
ಒಂದೊಂದು ಸ್ಕ್ರೂವಿನ ಅಡಿಗೆ.
ಉಂಗುಷ್ಟ ಕಿತ್ತ ಹವಾಯಿ ಚಪ್ಪಲಿ ನಾಲ್ಕು ತುಂಡಾಗಿ
ನಾಲ್ಕು ಕಾಲಿಗೆ.
ಅದು ಎಡಗಾಲಿನದು. ಬಲಗಾಲಿನದು ಇನ್ನೂ ಬಚ್ಚಲ ಮೂಲೆಯಲ್ಲಿದೆ,
ಎಸೆಯಲು ಮನಸ್ಸಿಲ್ಲ, ಹಾಕಿಕೊಳ್ಳಲು ಜೊತೆಯಿಲ್ಲ.
ಇಲಾಸ್ಟಿಕ್ ಹನ್ನೆರಡು ರೂಪಾಯಿ, ಸ್ಕ್ರೂ ಎರಡು,
ಇಲ್ಯಾಸನಿಗೆ ಟೀ ಹತ್ತು.

ಅವತ್ತು ರಾತ್ರಿ ಗುಂಡಿ ಒತ್ತಿದೆ.
ಏನೂ ಇಲ್ಲ. ಕೆಟ್ಟೇಹೋಯಿತು ಅಂದುಕೊಂಡೆ.
ಪರದೆ ಬೆಳಗಿತು.
ಗೋಡೆ ಗಡಿಯಾರ ನಡುನಡುವೆ ಒಂದು ಟಿಕ್ ನುಂಗುವುದು,
ಹಾಸನ ಸ್ಟೇಷನ್ನಿಗೆ ಬರುವ ಮಂಗಳೂರು ಗಾಡಿಯ ಕೂಗು,
ಕೀಲಿಗಳ ಮೇಲೆ ನನ್ನ ಬೆರಳು.
ಇಷ್ಟು ಜೋರಾಗಿ ಕುಟ್ಟುತ್ತೇನೆಂದು ನನಗೇ ಗೊತ್ತಿರಲಿಲ್ಲ.
ಬಾವಿಯ ಮೂರನೇ ಒಂದು ಹಕ್ಕನ್ನು ಮತ್ತೆ ಬರೆದೆ, ಮೆಲ್ಲಗೆ.

ಒಂದೂವರೆಗೆ ಬಾಗಿಲಲ್ಲಿ ಇಂಚರ, ಕೂದಲು ಕೆದರಿ.
ಅವಳ ಮಂಚ ಗೋಡೆಯಾಚೆ.
ನಡುಕ ನಿಂತರೆ ಅತ್ತಿಗೆ ಮಲಗಿದಳು ಎಂದು
ತಾನೂ ಮಗ್ಗುಲಾಗುತ್ತಿದ್ದಳಂತೆ ಇಷ್ಟು ದಿನ.
ಇವತ್ತು ಹತ್ತಕ್ಕೂ ಇಲ್ಲ, ಹನ್ನೊಂದಕ್ಕೂ ಇಲ್ಲ,
ಬಾಗಿಲ ಸಂದಿನ ಬೆಳಕು ಮಾತ್ರ ಹಾಗೇ ಇದೆ.
ಬೆರಳು ಹೇಳಿದ್ದು ಇಷ್ಟು. ಕಣ್ಣಲ್ಲಿದ್ದದ್ದು ಸಿಟ್ಟೋ, ನಿದ್ದೆಯೋ.

ಈಗ ಎಲ್ಲ ಆರಿಸಿದ ಮೇಲೆ
ಹಿಮ್ಮಡಿಯಿಂದ ನೆಲಕ್ಕೆ ಎರಡು ಗುದ್ದುತ್ತೇನೆ.
ಆಚೆಯಿಂದ ಒಂದು ಬರುತ್ತದೆ.
ಪದ್ಮರಾಜಯ್ಯ ಇನ್ನೂ ಏನೂ ಕೇಳಿಲ್ಲ.